ಟವೆಲಿನ ಅಂಗಡಿಯಲ್ಲಿ ಜಪಾನಿ ಮಾತು

ನನಗೆ ಎಂಟು ಭಾಷೆ ಬರುತ್ತವೆ. ಕನ್ನಡ, ಮರಾಠಿ ಬಿಟ್ಟರೆ ಉಳಿದ ಆರರಲ್ಲಿ ಒಂದು ರಜಾ ಅರ್ಜಿ ಬರೆಯಲೂ ಬಾರದು. ಆದರೆ ಎಂಟರಲ್ಲೂ ಟವೆಲು ಮಾರಬಲ್ಲೆ. ಹೆಗಲ ಮೇಲೆ ಗಂಟು ಹೊತ್ತು ಹೋಟಗಿ ಜಂಕ್ಷನ್ನಿನಲ್ಲಿ ರೈಲಿನ ಕಿಟಕಿಯಿಂದ ಕಿಟಕಿಗೆ ಓಡುತ್ತಿದ್ದ ಕಾಲದಲ್ಲಿ ತೆಲುಗು ಬಂತು. ಅಕ್ಕಲಕೋಟದಲ್ಲಿ ದರ್ಶನ ಮುಗಿಸಿ ಹೊರಬರುವ ಭಕ್ತರ ಮುಂದೆ ಚಾದರ ಬಿಡಿಸಿ ಹಿಡಿಯುವಾಗ ಗುಜರಾತಿ, ಕೊಂಕಣಿ ಬಂದವು. ಯಾರೂ ಕಲಿಸಲಿಲ್ಲ. ರೈಲು ನಿಲ್ಲುವುದು ಸ್ವಲ್ಪ ಹೊತ್ತು. ಅಷ್ಟರಲ್ಲಿ ನಾನು ಬಾಯಿ ತೆರೆಯದಿದ್ದರೆ ಗಿರಾಕಿ ಮುಂದಿನ ಸ್ಟೇಷನ್ನಿಗೆ ಹೋಗಿಬಿಡುತ್ತಾನೆ. ನನ್ನ ವ್ಯಾಕರಣವನ್ನೆಲ್ಲ ನಾನು ಗಾರ್ಡನ ಸಿಳ್ಳೆಗೆ ಹೆದರಿ ಕಲಿತೆ.

ಎಂಟನೆಯ ಭಾಷೆ ಜಪಾನಿ. ಅದನ್ನು ಕಲಿತದ್ದು ಮಾತ್ರ ಸಿಟ್ಟಿನಿಂದ. ಕೆಲವು ವರ್ಷಗಳ ಹಿಂದೆ ಒಬ್ಬ ಜಪಾನಿ ವ್ಯಾಪಾರಿ ನನ್ನ ಸೋಲಾಪುರದ ಗೋದಾಮಿಗೆ ಬಂದಿದ್ದ. ಜೊತೆಗೆ ದುಭಾಷಿ ಯಾರೂ ಇಲ್ಲ. ಮೊಬೈಲು ಮುಂದೆ ಹಿಡಿದುಕೊಂಡೇ ಮಾತು. ನಾನು ನೂಲಿನ ಗುಣ ಹೇಳಿದೆ, ಅವನು "ಹೈ" ಅಂದ. ಅಂಚಿನ ಹೊಲಿಗೆ ತೋರಿಸಿದೆ, "ಹೈ, ಹೈ" ಅಂದ. ಭಾವ, ಅಂದರೆ ದರ, ಹೇಳಿದೆ, ಆಗಲೂ ತಲೆಯಾಡಿಸಿ "ಹೈ" ಅಂದ. ಸೋಲಾಪುರದ ಕಿವಿಗೆ ‘ಹೈ’ ಅಂದರೆ ಇನ್ನೇನು? ಹಿಂದಿಯ ‘ಹೈ’. ‘ಇದೆ’ ಅಂತ ಅರ್ಥ, ಅಂದರೆ ಸೈ, ಆಯಿತು, ಪಕ್ಕಾ. ನಾನು ತೆಂಗಿನಕಾಯಿ ಒಡೆಸಿದೆ, ಪೇಢೆ ತರಿಸಿ ಅವನ ಬಾಯಿಗೂ ಇಟ್ಟೆ. ಅವನು ಊರಿಗೆ ಹೋಗಿ, ತುಂಬಾ ನಯವಾದ ಭಾಷೆಯಲ್ಲಿ, ತನಗೆ ಮಾಲು ಬೇಡವೆಂದು ಬರೆದ. ಇಷ್ಟೆಲ್ಲ ‘ಹೈ’ ಅಂದವನು ಮಾತು ತಪ್ಪಿದನಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ಈ ಸಂಗತಿ ನಾನು ಯಾರಿಗೂ ಹೇಳಿರಲಿಲ್ಲ. ಟೋಪಿ ಹಾಕಿಸಿಕೊಂಡದ್ದನ್ನು ಯಾವ ವ್ಯಾಪಾರಿಯೂ ಹೇಳಿಕೊಳ್ಳುವುದಿಲ್ಲ. ಮೊಬೈಲಿನಲ್ಲೇ ನಾಲ್ಕು ಜಪಾನಿ ಮಾತು ಕಲಿಯಲು ಕೂತೆ. ‘ಹೈ’ ಅಂದರೆ ಹೌದು ಎಂದು ಆ ಮೊಬೈಲೂ ಹೇಳಿತು. ನನ್ನ ಸಿಟ್ಟು ಇನ್ನಷ್ಟು ಗಟ್ಟಿಯಾಯಿತು.

ಕಳೆದ ವರ್ಷ ಒಬ್ಬ ಮೇಡಂ ನಮ್ಮ ಅಕ್ಕಲಕೋಟದ ಅಂಗಡಿಗೆ ಬಂದು ಟವೆಲಿನ ಮುಂದೆ ಅನುಮಾನಿಸುತ್ತ ನಿಂತಿದ್ದರು. ಅವರ ಚೀಲದಿಂದ ಹೊರಗೆ ಇಣುಕುತ್ತಿದ್ದ ಪುಸ್ತಕದ ಅಕ್ಷರ ಕಂಡು, ಇದು ಜಪಾನಿಯೇ ಎಂದು ಗುರುತು ಹಿಡಿದೆ. ಧೈರ್ಯ ಮಾಡಿ "ಸಾವತ್ತೆ ಮಿತೆ ಕುದಸಾಯ್" ಅಂದುಬಿಟ್ಟೆ. ಮುಟ್ಟಿ ನೋಡ್ರಿ ಅಂತ ಅರ್ಥ.

ಮೇಡಂ ಕೈಯಲ್ಲಿದ್ದ ಟವೆಲು ಕೆಳಗೆ ಬಿತ್ತು.

ಅವರು ಸೋಲಾಪುರದ ಹೊರಗಿನ ವಿಶ್ವವಿದ್ಯಾಲಯದಲ್ಲಿ ಜಪಾನಿ ಕಲಿಸುವವರು. ಮನೆಮಾತು ಮರಾಠಿ. ನಮ್ಮಿಬ್ಬರ ಮಾತೂ ಮರಾಠಿಯಲ್ಲೇ ನಡೆಯಿತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಮ್ಮ ಹುಡುಗರು ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತರುತ್ತಾರೆ ಕಾಕಾ. ಆದರೆ ಒಬ್ಬರ ಬಾಯಿಂದಲೂ ನಿಮ್ಮಷ್ಟು ಸಲೀಸಾಗಿ ಒಂದು ವಾಕ್ಯ ಬರುವುದಿಲ್ಲ. ಒಂದು ದಿನ ಬಂದು ಅವರ ಜೊತೆ ಮಾತಾಡುತ್ತೀರಾ?"

ನಾನು ಸುಮ್ಮನೆ ಒಪ್ಪುವವನಲ್ಲ. "ಬರುತ್ತೇನೆ. ಮುಂದಿನ ತಿಂಗಳು ಜಪಾನಿನಿಂದ ಒಬ್ಬ ವ್ಯಾಪಾರಿ ಹೆಣ್ಣುಮಗಳು, ಬಾಯಿಯವರು, ನನ್ನ ಮಾಲು ನೋಡಲು ಬರುವವರಿದ್ದಾರೆ. ಆ ದಿನ ದುಭಾಷಿಯಾಗಿ ನಿಮ್ಮ ವಿದ್ಯಾರ್ಥಿ ಒಬ್ಬರನ್ನು ನನಗೆ ಕೊಡಬೇಕು," ಅಂದೆ. ಮೇಡಂ ಸೌದಾ ಒಪ್ಪಿದರು.

ತರಗತಿಯಲ್ಲಿ ಹನ್ನೆರಡು ಮಂದಿ ಇದ್ದರು. ಎಲ್ಲರ ಮುಂದೆಯೂ ಮುತ್ತು ಪೋಣಿಸಿದಂತೆ ಬರೆದ ನೋಟುಬುಕ್ಕು. ನಾನು ಬಣ್ಣದ ಟವೆಲೊಂದನ್ನು ಮೇಜಿನ ಮೇಲೆ ಹಾಸಿ, "ಇದನ್ನ ನನಗ ಮಾರ್ರಿ ನೋಡೋಣ, ಜಪಾನಿಯೊಳಗ," ಎಂದು ಕನ್ನಡದಲ್ಲಿ, ಮತ್ತೆ ಮರಾಠಿಯಲ್ಲಿ ಅಂದೆ. ಹನ್ನೆರಡು ತಲೆ ಒಮ್ಮೆಲೇ ಕೆಳಗೆ ಬಾಗಿದವು. ಒಬ್ಬ ಹುಡುಗ ಮಾತ್ರ ಎದ್ದ. ಸೋಲಾಪುರದವನೇ, ಕನ್ನಡಕದ ಚುರುಕು ಹುಡುಗ. ಎರಡು ಮಾತು ಜಪಾನಿ, ನಾಲ್ಕು ಮಾತು ಇಂಗ್ಲಿಷು ಬೆರೆಸಿ ಭರ್ರನೆ ಹೇಳಿ ಕೂತ. ಮೇಡಂ ನನ್ನತ್ತ ನೋಡಿ ತಲೆಯಾಡಿಸಿದರು: ನಿಮಗೆ ಕೊಡುವುದು ಇವನನ್ನೇ.

ನಾನು ಕೊನೆಯ ಬೆಂಚಿನ ಹುಡುಗಿಯೊಬ್ಬಳಿಗೆ ಬೆರಳು ತೋರಿಸಿದೆ. "ನೀ ಹೇಳು ತಂಗಿ."

ಅವಳು ಎದ್ದು ನಿಂತಳು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ನನ್ನ ಮುಖ ನೋಡಿ, "ಅನೋ..." ಅಂದಳು. ಸ್ವಲ್ಪ ತಡೆದು ಮತ್ತೆ, "ಅನೋ..."

ನನ್ನ ಕಿವಿ ಬಿಸಿಯಾಯಿತು. ನಮ್ಮ ಸೀಮೆಯಲ್ಲಿ ‘ಅನ್ನೋ’ ಅಂದರೆ ‘ಹೇಳೋ’ ಅಂತ. ಸಣ್ಣ ಹುಡುಗರಿಗೆ, ಅದೂ ಗದರಿಸಿ ಅನ್ನುವ ಮಾತು.

"ಯಾರಿಗೆ ಅನ್ನೋ ಅಂತಿ ಬೇ? ನಿಮ್ಮಪ್ಪನ ವಾರಿಗಿ ಮನಷಾ ಅದೀನಿ ನಾ!"

ಅವಳು ಬೆಚ್ಚಿ, "ಅಯ್ಯ, ನಿಮಗಲ್ರಿ ಕಾಕಾ! ಅದು ಜಪಾನಿ ಅನೋ ಐತ್ರಿ! ಕನ್ನಡ ಅನ್ನೋ ಅಲ್ರಿ!" ಎಂದು ಕೂಗಿದಳು.

ಕನ್ನಡ ಬಲ್ಲ ಐದಾರು ಹುಡುಗರು ಬೆಂಚು ಬಡಿದು ನಕ್ಕರು. ಮಿಕ್ಕವರಿಗೆ ಬಿಡಿಸಿ ಹೇಳಿದ ಮೇಲೆ ಅವರೂ ನಕ್ಕರು. ಮೇಡಂ ಕಣ್ಣೊರೆಸಿಕೊಳ್ಳುತ್ತ ನನಗೆ ತಿಳಿಸಿದರು: ಮಾತು ಹುಡುಕುವಾಗ ಜಪಾನಿನವರು ‘ಅನೋ’ ಅನ್ನುತ್ತಾರಂತೆ, ನಾವು ‘ಅಂದ್ರ...’ ಎಂದು ಎಳೆಯುವ ಹಾಗೆ. ಆ ಹುಡುಗಿ ಇಡೀ ವರ್ಷದಲ್ಲಿ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲಂತೆ. ಬರವಣಿಗೆಯಲ್ಲಿ ತರಗತಿಗೆ ಮೊದಲಿಗಳು, ಬಾಯಿಗೆ ಮಾತ್ರ ಬೀಗ.

ಹೊರಗೆ ವರಾಂಡಾದಲ್ಲಿ ಅವಳು ನನ್ನ ಬೆನ್ನು ಹತ್ತಿ ಬಂದಳು.

"ಕಾಕಾ, ಆ ದುಭಾಷಿ ಕೆಲಸ ನನಗ ಕೊಡಸ್ರಿ."

"ಬಾಯಿ ತಗೀಲಾರದಾಕಿಗೆ ದುಭಾಷಿ ಕೆಲಸ? ಯಾವೂರು ನಿಂದು?"

"ಸಲಗರ ಬುದ್ರುಕ ರೀ, ಮಂಗಳವೇಢಾ ತಾಲೂಕು. ನಿಮ್ಮ ಜಪಾನಿ ಬಾಯಾರು ಕಂಬಳಿನೂ ನೋಡತಾರಂತ ಮೇಡಂ ಹೇಳ್ಯಾರ. ನಮ್ಮ ಮನ್ಯಾಗ ಕುರಿ ಅದಾವ್ರಿ. ಉಣ್ಣಿ ಕತ್ತರಸೂದ್ರಿಂದ ಗಂಜಿ ಹಚ್ಚೂತನಕ ಎಲ್ಲಾ ನನಗ ಗೊತ್ತೈತಿ. ನಮ್ಮವ್ವ ನೂಲು ತಗೀತಾಳ, ನಮ್ಮಪ್ಪ ನೇಯತಾನ. ಆ ಕನ್ನಡಕದಾವಾ ಹೋದ್ರ ಬ್ಲಾಂಕೆಟ್ ಅಂದು ಮುಗಸ್ತಾನ್ರಿ. ನಾ ಹೇಳಬೇಕು."

ಈ ‘ನಾ ಹೇಳಬೇಕು’ ಎಂಬ ಮಾತಿನಲ್ಲಿ ನಡುಕವಿರಲಿಲ್ಲ. ಮೂವತ್ತು ವರ್ಷ ಗಿರಾಕಿಗಳ ಮುಖ ನೋಡಿದವನು ನಾನು. ಮಾಲು ಬೇಕೇಬೇಕು ಅನ್ನುವವರ ದನಿ ಯಾವುದು, ಸುಮ್ಮನೆ ಕೇಳಿ ಹೋಗುವವರ ದನಿ ಯಾವುದು ಎಂದು ನನಗೆ ತಿಳಿಯುತ್ತದೆ. ತಿರುಗಿ ಮೇಡಂ ಕೋಣೆಗೆ ಹೋದೆ.

"ಆ ಹುಡುಗಿಗೆ ಒಂದು ತಿಂಗಳು ಕೊಡಿ," ಅಂದೆ.

"ಒಂದು ವಾರ. ಬರುವವರಿಗೆ ನಾನು ಹೆಸರು ಕಳಿಸಬೇಕು."

"ಮೂರು ಭಾನುವಾರ."

"ಕಾಕಾ, ಇದು ಟವೆಲಲ್ಲ!"

"ಅದಕ್ಕೇ ಇನ್ನೂ ಇಳಿಸುತ್ತೇನೆ. ಎರಡು ಭಾನುವಾರ. ಎಲ್ಲ ವಿದ್ಯಾರ್ಥಿಗಳೂ ನನ್ನ ಅಕ್ಕಲಕೋಟದ ಅಂಗಡಿಗೆ ಬರಲಿ. ಎರಡನೆಯ ಭಾನುವಾರ ನೀವು ಗಿರಾಕಿಯಾಗಿ ಬನ್ನಿ. ನಿಮ್ಮ ಒಂದು ಕಪ್ಪು ಚಹಾ ಮುಗಿಯುವ ತನಕ ಆ ಹುಡುಗಿ ಜಪಾನಿಯಲ್ಲಿ ಮಾತು ನಿಲ್ಲಿಸದೆ ನಡೆಸಿದರೆ ಕೆಲಸ ಅವಳಿಗೆ. ನಿಲ್ಲಿಸಿದರೆ ಕನ್ನಡಕದ ಹುಡುಗನಿಗೆ."

ಮೇಡಂ ನಕ್ಕು ಕೈ ಮುಂದೆ ಮಾಡಿದರು. ಸೌದಾ ಮುಗಿಯಿತು.

ಮೊದಲ ಭಾನುವಾರ ಹನ್ನೆರಡರಲ್ಲಿ ಏಳು ಮಂದಿ ಬಂದರು. ಅಕ್ಕಲಕೋಟದ ಭಾನುವಾರವೆಂದರೆ ಬಸ್ಸಿನ ಹಿಂದೆ ಬಸ್ಸು ಬಂದು ಜನ ಸುರಿಯುತ್ತಲೇ ಇರುತ್ತಾರೆ. ಆ ಗದ್ದಲದ ನಡುವೆಯೇ ನಾನು ಕಾಯಿದೆ ಹೇಳಿದೆ. ಒಬ್ಬರು ಅಂಗಡಿಕಾರ, ಒಬ್ಬರು ಗಿರಾಕಿ. ಮಾತು ಜಪಾನಿಯಲ್ಲಿ. ತೊಡಕಾದರೆ ಕನ್ನಡ ಇರಲಿ, ಮರಾಠಿ ಇರಲಿ, ಪರವಾ ಇಲ್ಲ. ಬಾಯಲ್ಲಿ ಇಂಗ್ಲಿಷು ಬಂದರೆ ಮಾತ್ರ ಆ ರಾಶಿಯಿಂದ ಒಂದು ಟವೆಲು ತೆಗೆದು ಮಡಚಬೇಕು.

ಇಂಗ್ಲಿಷಿನ ಮೇಲೆ ನನಗೇನೂ ಹಗೆಯಿಲ್ಲ. ಆದರೆ ಆ ಮಕ್ಕಳು ಮಾಡುತ್ತಿದ್ದದ್ದೇನು? ಮನಸ್ಸಿನಲ್ಲಿದ್ದ ಮರಾಠಿಯನ್ನೋ ಕನ್ನಡವನ್ನೋ ಮೊದಲು ಇಂಗ್ಲಿಷಿಗೆ ತಿರುಗಿಸಿ, ಅದನ್ನು ಬುಡಮೇಲು ಮಾಡಿ ಜಪಾನಿಗೆ ತರುತ್ತಿದ್ದರು. ನಡುವೆ ಒಬ್ಬ ದಲಾಲ ಬಂದರೆ ಯಾವ ಮಾಲು ತಾನೇ ಹೊತ್ತಿಗೆ ಮುಟ್ಟುತ್ತದೆ? ‘ಮುಟ್ಟಿ ನೋಡ್ರಿ’ ತೆಗೆದುಕೊಳ್ಳಿ. ಮುಟ್ಟಿ ಅಂದರೆ ಸಾವತ್ತೆ. ನೋಡು ಅಂದರೆ ಮಿತೆ. ಕೊನೆಯ ನಮ್ಮ ‘ರಿ’ಗೆ ಕುದಸಾಯ್. ಒಂದರ ಹಿಂದೊಂದು ಹಾಗೇ ಕೂರುತ್ತವೆ! ತಿಂದು ನೋಡ್ರಿ, ಹೊದ್ದು ನೋಡ್ರಿ, ಎಲ್ಲವೂ ಹೀಗೇ. ಮರಾಠಿಗೂ ಈ ಲೆಕ್ಕ ಸರಿಹೋಗುತ್ತದೆ. ಇದನ್ನು ಕಂಡುಕೊಂಡ ದಿನ ನಾನು ಗೋದಾಮಿನಲ್ಲಿ ಒಬ್ಬನೇ ಕುಣಿದಿದ್ದೆ.

ಮಧ್ಯಾಹ್ನದೊಳಗೆ ಟವೆಲಿನ ರಾಶಿ ಪೂರಾ ಮಡಚಿಯಾಯಿತು. ಅರ್ಧಕ್ಕಿಂತ ಹೆಚ್ಚು ಮಡಚಿದವನು ಕನ್ನಡಕದ ಹುಡುಗ. "ಓಕೆ" ಅಂದರೂ ದಂಡ, "ಸಾರಿ" ಅಂದರೂ ದಂಡ. ದಂಡ ಹಾಕಿದ್ದಕ್ಕೆ "ಓ ಗಾಡ್" ಅಂದ, ಇನ್ನೊಂದು ದಂಡ.

"ಕಾಕಾ, ಪೂರಾ ಅಂಗಡಿ ನನ್ನ ಕೈಲೇ ಮಡಚಸ್ತೀರಿ ಏನ್ರಿ?"

"ಮಡಚು ಸಾಹೇಬ, ಮಡಚು. ನಿನ್ನಂಥಾವರು ನಾಕು ಮಂದಿ ಬಂದ್ರ ನನ್ನ ಆಳಿಗೆ ರಜಾ ಕೊಡತೀನಿ."

ನಕ್ಕರು, ತಪ್ಪಿದರು, ಮತ್ತೆ ಮಾತಾಡಿದರು. ದರ್ಶನಕ್ಕೆ ಬಂದ ಮುದುಕಿಯೊಬ್ಬಳು ನಿಂತು ನೋಡಿ, ಇವರೆಲ್ಲ ಯಾವ ದೇಶದವರೆಂದು ನನ್ನನ್ನೇ ಕೇಳಿದಳು. ಹುಡುಗರ ಎದೆ ಎರಡು ಬೆರಳು ಉಬ್ಬಿತು. ಸಲಗರದ ಹುಡುಗಿ ಮಾತ್ರ ಒಂದು ಮಾತೂ ಆಡಲಿಲ್ಲ. ಇಂಗ್ಲಿಷೂ ಆಡಲಿಲ್ಲ, ದಂಡವೂ ಬೀಳಲಿಲ್ಲ. ಆದರೂ ತಾನಾಗಿ ಕೂತು ಟವೆಲು ಮಡಚುತ್ತಿದ್ದಳು. ನನಗೆ ಕಸಿವಿಸಿಯಾಯಿತು. ಸೌದಾ ಮಾಡಿದವನು ನಾನಲ್ಲವೇ.

ಸಂಜೆ ಎಲ್ಲರೂ ಸೋಲಾಪುರದ ಬಸ್ಸಿಗಾಗಿ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾಗ ಅವಳ ಪಕ್ಕದಲ್ಲಿ ಕೂತೆ.

"ಹೇಳವ್ವಾ, ಯಾಕ ಬಾಯಿ ಬರಾಂಗಿಲ್ಲ?"

ಅವಳು ಹೇಳಿದಳು. "ಏಳನೇ ವರ್ಗದತನಕ ಊರಾಗ ಕನ್ನಡ ಸಾಲಿ ರೀ. ಎಂಟನೇ ವರ್ಗಕ್ಕ ಮರಾಠಿ ಸಾಲಿಗಿ ಹೋದೆ. ಮೊದಲನೇ ದಿನ ಬಸ್ ಬಂದದ್ದು ನೋಡಿ, ‘ಮಾಝಾ ಬಸ್ ಆಲಾ’ ಅಂದೆ. ‘ಮಾಝೀ ಬಸ್ ಆಲೀ’ ಅನ್ನಬೇಕಿತ್ರಿ. ಬಸ್ ಹೆಣ್ಣಂತ ನನಗೇನ ಗೊತ್ತು? ಒಂದು ವರ್ಷ ನನ್ನ ಹೆಸರ ‘ಬಸ್ ಆಲಾ’ ಅಂತಾನ ಕರದ್ರು. ಅವತ್ತಿಂದ, ಪಕ್ಕಾ ಗೊತ್ತಿಲ್ಲದ್ದು ಬಾಯಾಗ ತರೂದಿಲ್ಲಂತ ಆಣಿ ಮಾಡೀನಿ."

ನನಗೆ ನಗು ಬಂತು, ಮರುಕವೂ ಬಂತು. ನಮ್ಮ ಕಡೆಯ ಕನ್ನಡದವರೆಲ್ಲ ಮರಾಠಿಯಲ್ಲಿ ಎಡವುವುದು ಇದೇ ಹೊಸ್ತಿಲಲ್ಲಿ. ನಮಗೆ ಬಸ್ಸು ಬಂತು, ಪುಸ್ತಕ ಬಂತು, ಮಳೆ ಬಂತು. ಅವರಿಗೆ ಒಂದು ಗಂಡು, ಒಂದು ಹೆಣ್ಣು, ಒಂದು ಎರಡೂ ಅಲ್ಲ. ನಾನು ಇಂದಿಗೂ ಮರಾಠಿಯಲ್ಲಿ ಅರ್ಧ ಮಾಲಿನ ಲಿಂಗ ತಪ್ಪಿಸಿಯೇ ಮಾರುತ್ತೇನೆ. ಆ ತಪ್ಪಿಗೆ ಬೇಸರಪಟ್ಟು ಯಾವ ಗಿರಾಕಿಯೂ ಎದ್ದು ಹೋಗಿಲ್ಲ.

"ಛಂದ. ಈಗ ಹೇಳು, ಜಪಾನಿಯೊಳಗ ಬಸ್ ಗಂಡೋ ಹೆಣ್ಣೋ?"

ಅವಳು ಹುಬ್ಬು ಗಂಟು ಹಾಕಿದಳು. "ಎರಡೂ ಅಲ್ರಿ. ಅಲ್ಲಿ ಹಂಗಿಲ್ಲ."

"ಕನ್ನಡದಾಗ?"

"ಎರಡೂ ಅಲ್..." ಅಲ್ಲಿಗೇ ನಿಂತಳು. ನನ್ನ ಕಡೆ ಕಣ್ಣರಳಿಸಿ ನೋಡಿದಳು.

"ಮತ್ತ ಯಾರಿಗೆ ಅಂಜತಿ? ಇದು ಮರಾಠಿ ಸಾಲಿ ಅಲ್ಲ. ಇಲ್ಲಿ ನಿಮ್ಮೂರ ಕನ್ನಡಾನ ನಡೀತೈತಿ. ಅದರ ಮ್ಯಾಲ ಜಪಾನಿ ಮಾತು ಒಂದೊಂದ ಇಡಕೋತ ಹೋಗು."

ಆ ಹೊತ್ತಿಗೆ ಸರಿಯಾಗಿ ಸೋಲಾಪುರದ ಕೆಂಪು ಬಸ್ಸು ಧೂಳೆಬ್ಬಿಸುತ್ತ ಸ್ಟ್ಯಾಂಡಿನೊಳಗೆ ತಿರುಗಿತು. ಅವಳು ತಟ್ಟನೆ ಎದ್ದು ನಿಂತು, ಬಸ್ಸಿಗೆ ಬೆರಳು ಮಾಡಿ, ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದಳು:

"ಬಸು ಗ ಕಿಮಶ್ತ!"

ಬಸ್ ಬಂತು. ಅಷ್ಟೇ ಅದರ ಅರ್ಥ. ಆದರೆ ಆರು ಜನ ಹುಡುಗರು ಸೀಟು ಹಿಡಿಯುವುದನ್ನೂ ಮರೆತು ಚಪ್ಪಾಳೆ ಹೊಡೆದರು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು, "ಏನಾತ್ರಿ? ಯಾರರ ಮಂತ್ರಿ ಬಂದಾರ ಏನ?" ಅಂದ. ಕನ್ನಡಕದ ಹುಡುಗ ಮತ್ತೆ "ವಾವ್" ಅಂದ. ಆದರೆ ಮಡಚಿಸಲು ಟವೆಲು ಉಳಿದಿರಲಿಲ್ಲ, ಬಿಟ್ಟುಬಿಟ್ಟೆ.

ನಡುವಿನ ವಾರದಲ್ಲಿ ಅವಳು ಎರಡು ದಿನ ಊರಿಗೆ ಹೋಗಿ ಬಂದಳು. ಎರಡನೆಯ ಭಾನುವಾರ ಬರುವಾಗ ಹೆಗಲ ಮೇಲೆ ಮನೆಯಲ್ಲಿ ನೇಯ್ದ ಕರಿಕಂಬಳಿ ಇತ್ತು. ಗಂಟಲು ಕಟ್ಟಿತ್ತು.

"ಏನವಾ, ನೆಗಡಿ?"

"ಇಲ್ರಿ ಕಾಕಾ. ಎರಡು ದಿನ ಕುರಿ ಮುಂದ ನಿಂತು ಜಪಾನಿ ಮಾತಾಡೀನ್ರಿ. ಅವು ನಗಂಗಿಲ್ಲ. ನಮ್ಮಪ್ಪ ದೂರದಿಂದ ನೋಡಿ, ಮಗಳಿಗೆ ಬಿರೋಬ ದೇವರು ಮೈಯಾಗ ಬಂದಾನೇನಂತ ಓಡಿ ಬಂದಿದ್ದ!"

ಮೇಡಂ ಹೇಳಿದ ಹೊತ್ತಿಗೆ ಬಂದರು. ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತು ಗಿರಾಕಿಯಾದರು. ಚಹಾ ಬಂತು. ಹುಡುಗರೆಲ್ಲ ಉಸಿರು ಬಿಗಿಹಿಡಿದು ಬಾಗಿಲಲ್ಲಿ ನಿಂತರು. ಆ ಹುಡುಗಿ ಕಂಬಳಿ ಬಿಡಿಸಿ ಹಾಸಿದಳು. ಮೊದಲ ಮಾತೇ "ಅನೋ..." ಆದರೆ ಈ ಸಲ ಅದು ಹೆದರಿದ ಅನೋ ಅಲ್ಲ, ಮಗ್ಗದವನು ಮುಂದಿನ ಎಳೆಗೆ ಕೈ ಚಾಚುವಂಥ ಅನೋ. ಆಮೇಲೆ "ಸಾವತ್ತೆ ಮಿತೆ ಕುದಸಾಯ್" ಬಂತು. ಆಮೇಲೆ ಕುರಿಗೆ ‘ಹಿತ್ಸುಜಿ’ ಬಂತು. ಆಮೇಲೆ "ಹಹಾ ಗ ತ್ಸುಕುರಿಮಶ್ತ" ಅಂದಳು. ಬಾಗಿಲಲ್ಲಿದ್ದವರು ಕಿಸಕ್ಕನೆ ನಕ್ಕರು. ‘ಹಹಾ’ ಅಂದರೆ ಜಪಾನಿಯಲ್ಲಿ ನಮ್ಮವ್ವ ಅಂತ. ಈ ನೂಲು ನಮ್ಮವ್ವ ಮಾಡಿದ್ದು, ಅಂದಳು. ಅವಳೂ ನಕ್ಕಳು, ನಗುತ್ತಲೇ ಮುಂದುವರಿಸಿದಳು. ಅದನ್ನು ನಾನು ಕಣ್ಣಾರೆ ಕಂಡೆ. ‘ಬಸ್ ಆಲಾ’ಗೆ ಬಾಯಿ ಕಟ್ಟಿಸಿಕೊಂಡಿದ್ದ ಹುಡುಗಿ ನಗುವವರ ಮುಂದೆ ನಿಂತು ಮಾತು ನಿಲ್ಲಿಸಲಿಲ್ಲ!

ಮೇಡಂ ಒಂದರ ಮೇಲೊಂದು ಪ್ರಶ್ನೆ ಹಾಕಿದರು. ಅವಳು ಕೆಲವಕ್ಕೆ ಸರಿಯಾಗಿ, ಕೆಲವಕ್ಕೆ ಅಡ್ಡಾದಿಡ್ಡಿಯಾಗಿ ಉತ್ತರ ಕೊಟ್ಟಳು. ಕೊನೆಗೆ ನಾನೇ ಕೆಮ್ಮಿ ಕಪ್ಪಿನತ್ತ ತೋರಿಸಿದೆ. ಚಹಾದ ಮೇಲೆ ಕೆನೆ ಕಟ್ಟಿತ್ತು. ಮೇಡಂ ಒಂದು ಗುಟುಕೂ ಕುಡಿದಿರಲಿಲ್ಲ.

"ಕಾಕಾ, ಚಹಾ ಮುಗಿಯುವ ತನಕ ಅಂತಲ್ಲವೇ ಮಾತಾದದ್ದು? ಮುಗಿದೇ ಇಲ್ಲ," ಅಂದರು. ಆಮೇಲೆ ಹುಡುಗಿಯ ಕಡೆ ತಿರುಗಿ, "ಹೆಸರು ನಿನ್ನದೇ ಕಳಿಸುತ್ತೇನೆ," ಅಂದರು.

ಕನ್ನಡಕದ ಹುಡುಗನ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ಅವನೇ ಮುಂದೆ ಬಂದು, ಅವತ್ತು ಸ್ಟ್ಯಾಂಡಿನಲ್ಲಿ ಕೇಳಿಸಿಕೊಂಡದ್ದನ್ನು ನೆನೆದು, "ಬಸ್ ಆಲಾ ಅಲ್ಲ, ಈಗ ಬಸು ಗ ಕಿಮಶ್ತ!" ಅಂದು ಅವಳ ತಲೆಗೊಂದು ಮೊಟಕಿದ. ಜಪಾನಿ ಬಾಯಿಯವರನ್ನು ಸ್ಟೇಷನ್ನಿನಿಂದ ಕರೆತರುವ ಕೆಲಸ ಅವನಿಗೆ ಕೊಟ್ಟೆ. ಅವನೂ ಬಾಯಿ ಬಿಡಲಿ ಎಂದೇ ಕೊಟ್ಟೆ.

ಆ ದಿನ ಬಂತು. ಸೋಲಾಪುರದ ಗೋದಾಮನ್ನು ಬೆಳಗಿನಿಂದ ಗುಡಿಸಿ, ನೀರು ಹೊಡೆಸಿ, ಟವೆಲುಗಳನ್ನು ಬಣ್ಣ ಬಣ್ಣವಾಗಿ ಪೇರಿಸಿ ಇಟ್ಟಿದ್ದೆ. ಬಂದ ಜಪಾನಿ ಬಾಯಿ ಐವತ್ತರ ಆಸುಪಾಸಿನವರು. ಗಿಡ್ಡ ಕೂದಲು, ಕೈಯಲ್ಲಿ ಸಣ್ಣ ಅಳತೆಪಟ್ಟಿ. ಬಂದವರೇ ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದರು. ಆಗಲೇ ನನಗೆ ಈ ಹೆಣ್ಣುಮಗಳು ಹಿಡಿಸಿದರು. ಮೇಡಂ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ನಡುವೆ ಬಾಯಿ ಹಾಕುವುದಿಲ್ಲ ಎಂದು ಮೊದಲೇ ಆಣೆ ಮಾಡಿಸಿದ್ದೆ.

ಹುಡುಗಿಯ ಮೇಲ್ದುಟಿಯಲ್ಲಿ ಬೆವರಿತ್ತು. ಟವೆಲಿನ ಮಾತು ಹೇಗೋ ನಡೆಯಿತು. ಕಂಬಳಿ ಬಿಡಿಸಿದಾಗ ಬಾಯಿಯವರು ಅಂಗೈ ಇಟ್ಟು ಸವರಿ, ಬೆರಳು ಉಜ್ಜಿಕೊಂಡು, ಏನೋ ಕೇಳಿದರು.

"ಚುಚ್ಚತೈತೇನಂತ ಕೇಳಾಕತ್ತಾರ ಕಾಕಾ," ಎಂದು ಪಿಸುಗುಟ್ಟಿದಳು. "ಚುಚ್ಚೂದಕ್ಕ ಏನಂತಾರೋ ನನಗ ಬರವಲ್ದು."

"ಸುಳ್ಳ ಹೇಳಬ್ಯಾಡ. ಹೆಂಗರ ಹೇಳು."

"ಅನೋ..." ಅಂದಳು. "ಅನೋ..." ಮೂಲೆಯಲ್ಲಿ ಮೇಡಂ ಕುರ್ಚಿ ಕಿರ್ರೆಂದಿತು. ನಾನು ಕಣ್ಣಲ್ಲೇ ಗದರಿದೆ. ಹುಡುಗಿ ಒಮ್ಮೆ ಕಣ್ಣು ಮುಚ್ಚಿ ತೆಗೆದು, ಬೆರಳ ತುದಿಯಿಂದ ತನ್ನ ಮೊಣಕೈಯನ್ನು ಕುಟುಕುತ್ತ, ಊರ ಮಾತನ್ನೇ ಜಪಾನಿಯ ಹಾಗೆ ಎಳೆದು ಹೇಳಿಬಿಟ್ಟಳು: "ಚುಚು, ಚುಚು."

ಬಾಯಿಯವರ ಮುಖ ಅರಳಿತು. "ಚಿಕು ಚಿಕು?" ಅಂದರು, ತಮ್ಮ ಮೊಣಕೈಯನ್ನೂ ಹಾಗೇ ಕುಟುಕಿಕೊಂಡು.

ಉಣ್ಣೆ ಚುಚ್ಚುವುದಕ್ಕೆ ಅವರ ದೇಶದ ಮಾತು ಅದಂತೆ! ಇವಳು "ಚುಚು" ಅಂದಳು, ಅವರು "ಚಿಕು" ಅಂದರು, ಇವಳು "ಚಿಕು ಚಿಕು" ಅಂದಳು, ಅವರು "ಚುಚು ಚುಚು" ಅಂದರು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ನಕ್ಕರು. ಅಲ್ಲಿಂದ ಮುಂದೆ ಆ ಹುಡುಗಿಯನ್ನು ಹಿಡಿಯುವವರಿಲ್ಲ. ಹುಣಸೆ ಬೀಜದ ಗಂಜಿ, ಅವ್ವನ ತೊಡೆಯ ಮೇಲೆ ಹೊಸೆಯುವ ನೂಲು, ಮಳೆಯಲ್ಲಿ ನೀರಿಳಿಸದ ಕಂಬಳಿ, ಬೀಸಿ ಹೊದೆಯುವ ರೀತಿ, ಎಲ್ಲ ಬಂದವು. ಮಾತು ಸಿಗದ ಕಡೆ ಕೈ, ಕೈ ಸಾಲದ ಕಡೆ ಅನೋ. ನಡುನಡುವೆ ಬಾಯಿಯವರು "ಹೈ... ಹೈ..." ಅನ್ನುತ್ತಿದ್ದರು.

ನನ್ನ ಕಿವಿ ನಿಮಿರಿತು. ಬಿಸಿ ಇದ್ದಾಗಲೇ ಬಡಿಯಬೇಕೆಂದು ಭಾವದ ಚೀಟಿ ಮುಂದೆ ಸರಿಸಿದೆ. ಹುಡುಗಿ ಓದಿ ಹೇಳಿದಳು. ಬಾಯಿಯವರು ತಲೆಯಾಡಿಸಿ, "ಹೈ," ಅಂದರು.

"ಆತು! ಪೇಢೆ ತರಸ್ರಿ! ಕಾಯಿ ಎಲ್ಲೈತಿ?" ಎಂದು ನಾನು ಎದ್ದೇಬಿಟ್ಟೆ.

ಹುಡುಗಿ ನನ್ನ ತೋಳು ಹಿಡಿದಳು. "ತಡೀರಿ ಕಾಕಾ. ಅವರು ಇನ್ನಾ ಒಪ್ಪಿಲ್ಲ."

"ಹೈ ಅಂದ್ರಲ್ಲ!"

"ಅದು ಹಿಂದಿ ಹೈ ಅಲ್ರಿ. ನಾವು ‘ಹೂಂ, ಹೂಂ, ಹೇಳ್ರಿ’ ಅಂತೀವಲ್ಲ, ಅದು. ಕೇಳಾಕತ್ತೀನಿ ಅಂತ. ಒಪ್ಪಿದ್ರ ಬ್ಯಾರೆ ಹೇಳತಾರ."

ನಾನು ಅಲ್ಲೇ ಟವೆಲಿನ ರಾಶಿಯ ಮೇಲೆ ಕುಸಿದು ಕೂತೆ. ಆ ಪುಣ್ಯಾತ್ಮ, ನಾನು ಇಷ್ಟು ವರ್ಷ ಮಾತು ತಪ್ಪಿದವನೆಂದು ಒಳಗೊಳಗೇ ಬೈದ ಮನುಷ್ಯ, ಒಮ್ಮೆಯೂ ಒಪ್ಪಿರಲೇ ಇಲ್ಲ! ಪಾಪ, ಅವನು ಮರ್ಯಾದೆಯಿಂದ ಹೂಂಗುಟ್ಟಿದ್ದ. ನಾನು ಅವನ ಬಾಯಿಗೆ ಪೇಢೆ ತುರುಕಿದ್ದೆ. ಆ ಕತೆಯನ್ನು ಮೊದಲ ಸಲ ಅಲ್ಲಿಯೇ, ಎಲ್ಲರ ಮುಂದೆ ಹೇಳಿದೆ. ಹುಡುಗಿ ಅದನ್ನೂ ಬಾಯಿಯವರಿಗೆ ತನ್ನ ಜಪಾನಿಯಲ್ಲಿ ದಾಟಿಸಿದಳು. ಅವರು ಬಾಯಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನಕ್ಕರು. ಆಮೇಲೆ ಟವೆಲಿನ ಮಾದರಿಗಳ ಜೊತೆ ಆ ಕಂಬಳಿಯನ್ನೂ ತೆಗೆದಿಡಲು ಹೇಳಿದರು. ಭಾವಕ್ಕೆ ಊರಿಗೆ ಹೋಗಿ ಉತ್ತರ ಬರೆಯುತ್ತೇನೆ ಅಂದರು. ನಾನು ಚೌಕಾಶಿಗೆ ಹೋಗಲಿಲ್ಲ. "ಹೈ," ಅಂದೆ, ಅವರ ಅರ್ಥದಲ್ಲಿ.

ಓದುವವರಲ್ಲಿ ಕಾಲೇಜಿನ ಹುಡುಗರಿದ್ದರೆ ಒಂದು ಮಾತು ಹೇಳುತ್ತೇನೆ, ಕೇಳಿ. ನಾನು ಒಬ್ಬನೇ ಮೊಬೈಲಿನ ಮುಂದೆ ಕೂತು ಕಲಿತ ‘ಹೈ’ ನನ್ನನ್ನು ವರ್ಷಗಟ್ಟಲೆ ತಪ್ಪು ಲೆಕ್ಕದಲ್ಲಿ ಇಟ್ಟಿತ್ತು. ಜನರ ಜೊತೆ ಆಡಿ, ನಗಿಸಿಕೊಂಡು, ತಿದ್ದಿಸಿಕೊಂಡ ಹುಡುಗಿ ಒಂದು ಗಳಿಗೆಯಲ್ಲಿ ಅದನ್ನು ಬಿಡಿಸಿದಳು. ನಿಮಗೆ ಕುರಿ ಇಲ್ಲದಿದ್ದರೆ ಗೆಳೆಯರ ಮುಂದೆ ನಿಂತು ಮಾತಾಡಿ. ಕೈಯಲ್ಲಿ ಏನಾದರೂ ಹಿಡಿದು ಅದರ ಬಗ್ಗೆಯೇ ಶುರು ಮಾಡಿ. ಟವೆಲು ಬೇಕಾದರೆ ನನ್ನ ಅಂಗಡಿಗೆ ಬನ್ನಿ, ಮಡಚುವ ಕೆಲಸವಂತೂ ಯಾವಾಗಲೂ ಇದೆ.

ಇಳಿಹೊತ್ತಾಯಿತು. ಮಂಗಳವೇಢೆಯ ಬಸ್ಸಿಗೆ ಹೊತ್ತಾಗಿತ್ತು. ಅವಳು ಅಂದೇ ಊರಿಗೆ ಹೋಗಿ ಅವ್ವನಿಗೆ ಎಲ್ಲ ಹೇಳಬೇಕಂತೆ. ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ತಿರುಗಿ, ನಮಗೆಲ್ಲ ಕೈ ಮುಗಿದಳು. "ಹೋಗಿ ಬರತೀನ್ರಿ ಕಾಕಾ. ಹೋಗಿ ಬರತೀನ್ರಿ ಮೇಡಂ." ಆಮೇಲೆ ಬಾಯಿಯವರ ಕಡೆ ತಿರುಗಿದಳು. ಮೈಯೆಲ್ಲ ಕನ್ನಡವೇ ತುಂಬಿತ್ತು ನೋಡಿ, ಅದನ್ನೇ ಒಂದೊಂದಾಗಿ ಜಪಾನಿಗೆ ಇಟ್ಟಳು. ಹೋಗಿ ಅಂದರೆ ಇತ್ತೆ. ಬರುತ್ತೇನೆ ಅಂದರೆ ಕಿಮಸ್.

"ಇತ್ತೆ ಕಿಮಸ್!"

ಮೂಲೆಯಲ್ಲಿ ಮೇಡಂ ಹಣೆ ಹಿಡಿದುಕೊಂಡರು. ಜಪಾನಿನಲ್ಲಿ ಆ ಮಾತನ್ನು ಎಲ್ಲೆಂದರಲ್ಲಿ ಆಡುವುದಿಲ್ಲವಂತೆ. ಬೆಳಿಗ್ಗೆ ಮನೆ ಬಿಡುವಾಗ ಮನೆಯವರಿಗೆ ಮಾತ್ರ ಹೇಳುವ ಮಾತಂತೆ ಅದು. ಮೊದಲ ಸಲ ಕಂಡ ಪರದೇಶದ ಅತಿಥಿಗೆ ಯಾರೂ ಹಾಗನ್ನುವುದಿಲ್ಲವಂತೆ. ನಮ್ಮಲ್ಲಿ ಯಾರಿಗೆ ಅನ್ನುವುದಿಲ್ಲ ಹೇಳಿ? ಬ್ಯಾಂಕಿನವರಿಗೂ ಅನ್ನುತ್ತೇವೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಅನ್ನುತ್ತೇವೆ.

ಬಾಯಿಯವರು ಕೈಯಲ್ಲಿದ್ದ ಅಳತೆಪಟ್ಟಿ ಕೆಳಗಿಟ್ಟರು. ಆಮೇಲೆ ಅವರು ಬರಿಗಾಲಲ್ಲೇ ಹೊಸ್ತಿಲ ತನಕ ನಡೆದು ಬಂದರು. ಮಗಳನ್ನು ಸಾಲೆಗೆ ಕಳಿಸುವವರ ಹಾಗೆ ಕೈ ಮೇಲೆತ್ತಿ ಬೀಸುತ್ತ, ಗೋದಾಮೆಲ್ಲ ತುಂಬುವಂತೆ ಕೂಗಿದರು:

"ಇತ್ತೆ ರಶ್ಶಾಯ್!"

ಹೋಗಿ ಬಾ, ಅಂತ. ಅದರ ಅರ್ಥವನ್ನು ನನಗೆ ಯಾರೂ ಹೇಳಬೇಕಾಗಲಿಲ್ಲ.